ಸೀಲ್ ಮಾಡಿದರೆ ಹೊಗೆಸೊಪ್ಪು ಶುಚಿಯಾಗುತ್ತದೆಯೇ?

ಪ್ರಶ್ನೆ: ಕಾರವಾರದ ಬೈತಖೋಲ್ ಬಂದರಿನ ಹತ್ತಿರ ನಮ್ಮದೊಂದು ಗೂಡಂಗಡಿ ಇದೆ. ಬೋಟಿಗೆ ಹೋಗುವವರು ಕವಳಕ್ಕೆ (ಎಲೆಯಡಿಕೆಗೆ) ಹೊಗೆಸೊಪ್ಪು ಒಯ್ಯುತ್ತಾರೆ. ಈಗ ಡಬ್ಬದಿಂದ ಮುರಿದು ಕಾಗದದಲ್ಲಿ ಸುತ್ತಿ ಕೊಡುತ್ತೇವೆ. ಎಲ್ಲರ ಕೈಯೂ ಅದೇ ಡಬ್ಬಕ್ಕೆ. ಮಳೆ ಹಿಡಿಯಿತೆಂದರೆ ಬೂಷ್ಟು. ಸಮುದ್ರದಲ್ಲಿ ನೀರು ತಾಗಿ ಹಾಳಾಗುತ್ತದೆ ಎಂದು ಗಿರಾಕಿಗಳೂ ದೂರುತ್ತಾರೆ. ಒಂದು ಸಲಕ್ಕೆ ಬೇಕಾದಷ್ಟನ್ನು ಬಿಡಿಬಿಡಿಯಾಗಿ ಸೀಲ್ ಮಾಡಿ, ಅಂಥ ಹತ್ತನ್ನು ಅಂಗಿಯ ಜೇಬಿಗೆ ಹಿಡಿಯುವ ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ‘ಶುಚಿ’ ಎಂಬ ಹೆಸರಿನಲ್ಲಿ ಮಾರಬೇಕು ಎಂದಿದ್ದೇನೆ. ಕೈಯಲ್ಲಿ ಒತ್ತುವ ಸೀಲಿಂಗ್ ಮಷಿನ್ ಇದೆ. ಯಾವ ಹಾಳೆ, ಎಷ್ಟು ಅಳತೆ, ಹೇಗೆ ಮಾಡಲಿ?

ಉತ್ತರ: ಪ್ಯಾಕಿಂಗ್ ಮಟ್ಟಿಗೆ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಕೈ ತಾಗಬಾರದು, ತೇವ ತಾಗಬಾರದು, ಜೇಬಿಗೆ ಹಿಡಿಯಬೇಕು, ಒಂದನ್ನು ತೆರೆದರೆ ಉಳಿದ ಒಂಬತ್ತು ಕೆಡಬಾರದು. ಶಿರಸಿ ಕಡೆ ಗೃಹೋದ್ಯಮ ಮಾಡುವವರು ಪ್ಯಾಕಿಂಗ್ ವಿನ್ಯಾಸಕ್ಕೆಂದು ನನ್ನ ಬಳಿ ಬಂದಾಗ ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ. ಹೆಚ್ಚಿನವರು ‘ಚೆಂದ ಕಾಣಬೇಕು’ ಅನ್ನುವಲ್ಲಿಂದಲೇ ಶುರು ಮಾಡುತ್ತಾರೆ.

ಆದರೆ ಒಳಗೆ ಹೊಗೆಸೊಪ್ಪು ಹಾಕುವ ಆಲೋಚನೆ ಬಿಡಿ. ಸುಮ್ನೆ ಉಪದೇಶಕ್ಕೆ ಹೇಳುತ್ತಿಲ್ಲ. ತಾಂತ್ರಿಕವಾಗಿಯೂ ಅದು ನಿಲ್ಲುವುದಿಲ್ಲ, ಕಾನೂನಿನಲ್ಲೂ ನಿಲ್ಲುವುದಿಲ್ಲ. ಮೊದಲ ತೊಡಕು ನಿಮ್ಮ ಮಷಿನ್‌ನಲ್ಲೇ ಇದೆ.

ಕೈಯಲ್ಲಿ ಒತ್ತುವ ಆ ಮಷಿನ್ ಕೆಲಸ ಮಾಡುವುದು ಪ್ಲಾಸ್ಟಿಕ್ ಇದ್ದರೆ ಮಾತ್ರ. ಬಿಸಿ ತಂತಿ ಒತ್ತಿದಾಗ ಹಾಳೆಯ ಒಳಮೈಯ ಪಾಲಿಥೀನ್ ಕರಗಿ ಒಂದಕ್ಕೊಂದು ಕಚ್ಚುತ್ತದೆ. ಅದೇ ಸೀಲ್. ಹೊರಗೆ ಕಾಗದ ಕಾಣಲಿ, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಕಾಣಲಿ, ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಪದರ ಇಲ್ಲದಿದ್ದರೆ ನಿಮ್ಮ ಮಷಿನ್ ಅದನ್ನು ಅಂಟಿಸುವುದಿಲ್ಲ. ತಂಬಾಕಿಗೆ ಆ ಪ್ಲಾಸ್ಟಿಕ್ಕೇ ನಿಷೇಧ. ಗುಟ್ಕಾ, ತಂಬಾಕು, ಪಾನ್ ಮಸಾಲಾಗಳ ಪ್ಲಾಸ್ಟಿಕ್ ಪೊಟ್ಟಣ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲೇ ಹೇಳಿತ್ತು. 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ ಅದು ಸೇರಿತು. 2016ರ ನಿಯಮ ಇನ್ನೂ ಬಿಗಿ: ತಂಬಾಕು ಯಾವ ರೂಪದಲ್ಲೇ ಇರಲಿ, ಪ್ಯಾಕಿಂಗ್‌ನಲ್ಲಿ ಪ್ಲಾಸ್ಟಿಕ್ ಯಾವ ರೂಪದಲ್ಲೂ ಇರಬಾರದು.

ಹಾಗಾದರೆ ಪ್ಲಾಸ್ಟಿಕ್ ಇಲ್ಲದೆ ಏನು ಉಳಿಯಿತು? ಬರೀ ಕಾಗದ ತೇವವನ್ನು ತಡೆಯುವುದೇ ಇಲ್ಲ. ಮೇಣ ಹಚ್ಚಿದ ಕಾಗದ ಸ್ವಲ್ಪ ತಡೆಯುತ್ತದೆ, ಆದರೆ ಮಡಚಿದ ಗೆರೆಯಲ್ಲಿ ಮೇಣ ಒಡೆದು ಅಲ್ಲಿಂದಲೇ ತೇವ ನುಗ್ಗುತ್ತದೆ. ಬರೀ ಅಲ್ಯೂಮಿನಿಯಂ ಹಾಳೆ ತೆಳ್ಳಗಾದಷ್ಟೂ ಸೂಜಿಮೊನೆಯಂಥ ತೂತುಗಳು ಜಾಸ್ತಿ. ಜೇಬಿನಲ್ಲಿ ನಾಲ್ಕು ಸಲ ಮುದುಡಿದರೆ ಕೇಳುವುದೇ ಬೇಡ. ಉಳಿದದ್ದು ತಗಡಿನ ಡಬ್ಬಿ, ಗಾಜಿನ ಬಾಟಲಿ. ಅವು ನಿಮ್ಮ ‘ಒಂದು ಸಲಕ್ಕೆ ಒಂದು’ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ತೇವದ ಮಾತು. ಕರಾವಳಿಯಲ್ಲಿ ಪ್ಯಾಕಿಂಗ್ ಮಾಡುವ ಯಾರೇ ಆದರೂ ಇದನ್ನು ತಿಳಿದಿರಬೇಕು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ ಅಲ್ವಾ? ಅಡುಗೆ ಉಪ್ಪು ಹಾಗಾಗುವುದು ಗಾಳಿಯ ತೇವ ನೂರಕ್ಕೆ 75 ದಾಟಿದಾಗ. ಬೂಷ್ಟು ಹಿಡಿಯಲು ಅಷ್ಟೂ ಬೇಡ. ನೂರಕ್ಕೆ 65–70ರ ಗಾಳಿಯಲ್ಲಿ ಒಣ ಪದಾರ್ಥವನ್ನು ತುಂಬ ದಿನ ತೆರೆದಿಟ್ಟರೆ ಸಾಕು, ಅದು ತೇವ ಎಳೆದುಕೊಂಡು ಬೂಷ್ಟಿಗೆ ಜಾಗ ಕೊಡುತ್ತದೆ. ಅಂದರೆ ಉಪ್ಪಿನ ಡಬ್ಬಿಯಲ್ಲಿ ನೀರು ಕಾಣುವ ಹೊತ್ತಿಗೆ ಹೊಗೆಸೊಪ್ಪಿನ ಡಬ್ಬಿಯಲ್ಲಿ ಕೆಲಸ ಶುರುವಾಗಿಯೇ ಹೋಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ನಿಮ್ಮ ಗಿರಾಕಿ ದಡದಲ್ಲಿ, ಮಾಲು ಡಬ್ಬದಲ್ಲಿ. ಆಗಸ್ಟಿನಲ್ಲಿ ಬೋಟು ಇಳಿದಾಗ ನೀವು ಕೊಡುವುದು ಆ ತೇವ ಕುಡಿದ ಮಾಲನ್ನೇ. ಸಮುದ್ರದ ನೀರಿನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ.

ಇದರ ಮೇಲೆ ಚಿಕ್ಕ ಪೊಟ್ಟಣಕ್ಕೆ ಇನ್ನೊಂದು ಶಾಪ ಇದೆ. ಒಂದೇ ಆಕಾರದ ಪೊಟ್ಟಣವನ್ನು ಎಂಟನೇ ಒಂದು ತೂಕಕ್ಕೆ ಇಳಿಸಿದರೆ ಅದರ ಮೈ ನಾಲ್ಕನೇ ಒಂದಕ್ಕೆ ಮಾತ್ರ ಇಳಿಯುತ್ತದೆ. ಅಂದರೆ ಒಂದೊಂದು ಗ್ರಾಮಿಗೂ ತೇವ ಒಳಬರುವ ದಾರಿ ಎರಡು ಪಟ್ಟು. ಅರ್ಧ ಕಿಲೋ ಚೀಲದಲ್ಲಿ ಮಳೆಗಾಲ ದಾಟುವ ಪದಾರ್ಥವೇ ಅದೇ ಹಾಳೆಯ ಐದು ಗ್ರಾಮಿನ ಪೊಟ್ಟಣದಲ್ಲಿ ವಾರಗಳಲ್ಲೇ ಮೆತ್ತಗಾಗುವುದು ಇದರಿಂದ. ಹಾಗಾಗಿ ಬಿಡಿ ಪೊಟ್ಟಣಕ್ಕೆ ದೊಡ್ಡ ಚೀಲಕ್ಕಿಂತ ಒಳ್ಳೆಯ ಹಾಳೆ ಬೇಕು. ತಂಬಾಕಿಗೆ ಆ ಒಳ್ಳೆಯ ಹಾಳೆಯನ್ನೇ ಕಾನೂನು ಕೊಡುವುದಿಲ್ಲ.

ಇನ್ನು ‘ಶುಚಿ’. ಇಲ್ಲಿ ನನ್ನ ತಕರಾರು ಗಟ್ಟಿ ಇದೆ.

ಸೀಲ್ ಹೊರಗಿನ ಕೊಳೆಯನ್ನು ಹೊರಗೆ ಇಡುತ್ತದೆ. ಒಳಗೆ ಇರುವುದನ್ನು ಒಳಗೇ ಇಡುತ್ತದೆ. ಹದ ಮಾಡಿದ ತಂಬಾಕಿನ ಎಲೆಯಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತವೆ. ಎಲೆಯಲ್ಲಿನ ನೈಟ್ರೇಟನ್ನು ಅವು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್, ನಿಕೋಟಿನ್ ಮತ್ತು ಅದರ ನೆಂಟರ ಜೊತೆ ಸೇರಿ ನೈಟ್ರೊಸಮೀನ್ ಆಗುತ್ತದೆ. ತಂಬಾಕಿನಿಂದ ಕ್ಯಾನ್ಸರ್ ಬರುವುದರಲ್ಲಿ ದೊಡ್ಡ ಪಾಲು ಈ ನೈಟ್ರೊಸಮೀನ್‌ಗಳದ್ದು. ಎಲೆ ಹದ ಮಾಡುವಾಗ, ಹುಳಿ ಬರಿಸುವಾಗ ಅವು ಹುಟ್ಟುತ್ತವೆ. ತೇವ ಮತ್ತು ಶಾಖ ಸಿಕ್ಕಿದರೆ ದಾಸ್ತಾನಿನಲ್ಲೂ ಹೆಚ್ಚುತ್ತವೆ. ಈಗ ನಿಮ್ಮ ಪೊಟ್ಟಣವನ್ನು ಯೋಚಿಸಿ. ತೇವ ಕುಡಿದ ಎಲೆ, ಸುತ್ತ ಬಿಗಿ ಸೀಲ್, ಇಡೀ ದಿನ ಮೈಶಾಖ ತಾಗುವ ಜೇಬು. ಕೈಕೊಳೆ ತಪ್ಪಿಸಲು ಹೋಗಿ ಇದನ್ನು ಕಟ್ಟಿಕೊಟ್ಟ ಹಾಗಾಗುತ್ತದೆ.

ಸ್ವೀಡನ್ನಿನಲ್ಲಿ ‘ಸ್ನೂಸ್’ ಎಂಬ ತಂಬಾಕು ಇದೆ. ತುಟಿಯ ಹಿಂದೆ ಇಟ್ಟುಕೊಳ್ಳುವಂಥದ್ದು. 1970ರ ದಶಕದಿಂದ ಅದು ಬಿಡಿಬಿಡಿ ಪುಟ್ಟ ಚೀಲಗಳಲ್ಲೂ ಬರುತ್ತದೆ. ನಿಮ್ಮ ಕಲ್ಪನೆಗೆ ತುಂಬ ಹತ್ತಿರ. ಜೇಬಿಗೆ ಹಿಡಿಯುವ ದುಂಡು ಡಬ್ಬಿ, ಮುಚ್ಚಳದಲ್ಲಿ ಬಳಸಿದ ಚೀಲ ಹಾಕಲು ಬೇರೆ ಗೂಡು. ವಿನ್ಯಾಸ ನೋಡಿದರೆ ಜಾಣತನವೇ. ಆದರೆ ಅವರು ಎಲೆಯನ್ನು ಹುಳಿ ಬರಿಸುವ ಬದಲು ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಲ್ಲುತ್ತಾರೆ, ಆಮೇಲೆ ತಂಪಿನಲ್ಲಿ ಇಡುತ್ತಾರೆ. ಇಷ್ಟೆಲ್ಲ ಮಾಡಿದರೂ ನಿಕೋಟಿನ್ ನಿಕೋಟಿನ್ನೇ. ಸ್ವೀಡನ್ ಬಿಟ್ಟು ಯುರೋಪಿಯನ್ ಒಕ್ಕೂಟದ ಬೇರೆಲ್ಲೂ ಸ್ನೂಸ್ ಮಾರುವಂತಿಲ್ಲ. ಗೂಡಂಗಡಿಯ ಹಿಂದಿನ ಕೋಣೆಯಲ್ಲಿ ಈ ವ್ಯವಸ್ಥೆ ಆಗುವ ಮಾತಲ್ಲ.

ಆದ್ದರಿಂದ ಪೆಟ್ಟಿಗೆಯ ಮೇಲೆ ‘ಶುಚಿ’ ಎಂದು ಬರೆದರೆ ಕೊಳ್ಳುವವನಿಗೆ ಅರ್ಥವಾಗುವುದು ಒಂದೇ: ಇದು ಬೇರೆ ಹೊಗೆಸೊಪ್ಪಿನಷ್ಟು ಕೆಟ್ಟದ್ದಲ್ಲ. ಅದು ಸುಳ್ಳು. ಎಚ್ಚರಿಕೆಯ ಚಿತ್ರಕ್ಕೆ ವಿರುದ್ಧವಾದ, ಅದರ ಬಲ ತಗ್ಗಿಸುವ ಮಾತು ಪೊಟ್ಟಣದ ಮೇಲೆ ಇರಬಾರದು ಎಂದು ನಿಯಮವೂ ಹೇಳುತ್ತದೆ.

ಎಚ್ಚರಿಕೆಯ ಚಿತ್ರದ ಮಾತು ಬಂತು, ಅಳತೆ ಕೇಳಿದ್ದೀರಲ್ಲ, ಲೆಕ್ಕ ಹಾಕಿಯೇ ನೋಡೋಣ. ಪೊಟ್ಟಣದ ಎರಡೂ ಮುಖ್ಯ ಮುಖಗಳಲ್ಲಿ ನೂರಕ್ಕೆ 85 ಭಾಗ ಎಚ್ಚರಿಕೆಗೆ ಹೋಗಬೇಕು. ಅದರಲ್ಲಿ 60 ಚಿತ್ರ, 25 ಬರಹ. ಎಚ್ಚರಿಕೆಯ ಅಗಲ ಮೂರೂವರೆ ಸೆಂಟಿಮೀಟರಿಗೆ, ಎತ್ತರ ನಾಲ್ಕು ಸೆಂಟಿಮೀಟರಿಗೆ ಕಡಿಮೆ ಆಗಬಾರದು. ಅಂದರೆ 14 ಚದರ ಸೆಂಟಿಮೀಟರ್. ಇದು 85 ಭಾಗವಾದರೆ ಇಡೀ ಮುಖ ಸುಮಾರು ಹದಿನಾರೂವರೆ ಚದರ ಸೆಂಟಿಮೀಟರ್ ಆದರೂ ಬೇಕು. ಸೀಲ್ ಅಂಚು ಬೇರೆ. ನಿಮ್ಮ ಹೆಸರಿಗೆ ಉಳಿಯುವುದು ಎರಡೂವರೆ ಚದರ ಸೆಂಟಿಮೀಟರ್, ಒಂದು ಅಂಚೆಚೀಟಿಯ ಅರ್ಧದಷ್ಟೂ ಇಲ್ಲ. ಬೆರಳ ತುದಿಯಷ್ಟು ಎಲೆಗೆ ಇಷ್ಟು ದೊಡ್ಡ ಹಾಳೆ, ಎರಡು ಬದಿ ಬಣ್ಣದ ಮುದ್ರಣ. ಖರ್ಚು ಗಿಟ್ಟುವುದಿಲ್ಲ. ಎಚ್ಚರಿಕೆ ಹಾಕದೆ ತಯಾರಿಸಿದರೆ 2003ರ ತಂಬಾಕು ನಿಯಂತ್ರಣ ಕಾಯಿದೆಯಲ್ಲಿ (ಕೋಟ್ಪಾ) ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

‘ನಾನು ತಯಾರಕ ಅಲ್ಲವಲ್ಲ, ಕಟ್ಟಿ ಕೊಡುವವನು’ ಅನ್ನಬಹುದು. ತಂಬಾಕಿನ ಸುಂಕದ ಲೆಕ್ಕದಲ್ಲಿ ದೊಡ್ಡ ಮೂಟೆ ಬಿಡಿಸಿ ಚಿಕ್ಕ ಪೊಟ್ಟಣ ಕಟ್ಟಿ ಹೆಸರು ಅಂಟಿಸುವುದೂ ತಯಾರಿಕೆಯೇ. ತಂಬಾಕಿನ ಪೊಟ್ಟಣ ಕಟ್ಟುವ ಯಂತ್ರಗಳನ್ನು ಜಿಎಸ್‌ಟಿಯಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂತು. ನೋಂದಾಯಿಸದ ಯಂತ್ರ ಒಂದಕ್ಕೆ 1 ಲಕ್ಷ ರೂಪಾಯಿ ದಂಡ. ಅಡಿಕೆ ಚೂರನ್ನೂ ಅದರಲ್ಲೇ ಬೆರೆಸಿ ‘ರೆಡಿ ಕವಳ’ ಮಾಡುವ ಆಸೆ ಹುಟ್ಟಿದರೆ ಅದು ಗುಟ್ಕಾ ಆಯಿತು. ಕರ್ನಾಟಕದಲ್ಲಿ ಅದು 2013ರಿಂದಲೇ ನಿಷೇಧ.

ಈಗ ನೀವು ಮಾಡುತ್ತಿರುವ ಬಿಡಿ ಮಾರಾಟವೂ ತಪ್ಪೇ. ರಾಜ್ಯದಲ್ಲಿ ಬಿಡಿ ಮಾರುವಂತಿಲ್ಲ, 21 ವರ್ಷದೊಳಗಿನವರಿಗೆ ಯಾವ ರೂಪದಲ್ಲೂ ಕೊಡುವಂತಿಲ್ಲ. ಆ ಡಬ್ಬ ಇವತ್ತೇ ಒಳಗಿಡಿ.

ವಿನ್ಯಾಸ ಮಾಡುವವನಾಗಿ ಇನ್ನೊಂದು ಮಾತು. ಪಾನ್ ಮಸಾಲಾ, ಗುಟ್ಕಾ ಈ ದೇಶದಲ್ಲಿ ಊರೂರಿಗೆ ಹಬ್ಬಿದ್ದು ಡಬ್ಬಿಯಿಂದ ಅಲ್ಲ, ಚಿಲ್ಲರೆ ಕಾಸಿಗೆ ಸಿಗುವ ಸಣ್ಣ ಪೊಟ್ಟಣದಿಂದ. ಅಂಗಡಿಯ ಮುಂದೆ ಸರವಾಗಿ ನೇತಾಡುವ ಪೊಟ್ಟಣ ಶಾಲೆಗೆ ಹೋಗುವ ಹುಡುಗನ ಕಣ್ಣಿಗೂ ಬೀಳುತ್ತದೆ, ಕೈಗೂ ಎಟುಕುತ್ತದೆ. 2016–17ರ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ 21 ಜನ ಹೊಗೆಯಿಲ್ಲದ ತಂಬಾಕು ಬಳಸುವವರು. ಬೀಡಿ ಸಿಗರೇಟು ಸೇದುವವರಿಗಿಂತ ಅದು ಸುಮಾರು ಎರಡು ಪಟ್ಟು. ಪೊಟ್ಟಣ ಚಿಕ್ಕದು ಮಾಡುವುದು ಅಂದರೆ ಬರೀ ಅಳತೆ ಇಳಿಸುವುದಲ್ಲ, ಹೊಸ ಗಿರಾಕಿಗೆ ಬಾಗಿಲು ತೆರೆಯುವುದೂ ಹೌದು. ನನಗೆ ಆ ಕೆಲಸ ಬೇಡ.

ಹಾಗೆಂದು ಬಿಡಿಬಿಡಿಯಾಗಿ ಸೀಲ್ ಮಾಡಿ ಜೇಬಿಗೆ ಹಿಡಿಯುವ ನಿಕೋಟಿನ್ ಇಲ್ಲವೇ ಇಲ್ಲ ಅಂತಲ್ಲ. ಔಷಧಿ ಅಂಗಡಿಯಲ್ಲಿ ಇದೆ. ತಂಬಾಕು ಬಿಡುವವರಿಗೆ ಕೊಡುವ 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತದೆ. ಒಂದು ಪಟ್ಟಿ ತಂದು ಪ್ಯಾಕಿಂಗ್ ನೋಡಿ. ಒಂದೊಂದಕ್ಕೂ ಬೇರೆ ಗುಳಿ, ಹಿಂದೆ ಗಟ್ಟಿ ಹಾಳೆ, ಒಂದನ್ನು ಒತ್ತಿ ತೆಗೆದರೆ ಪಕ್ಕದ್ದಕ್ಕೆ ಗಾಳಿ ತಾಗುವುದಿಲ್ಲ. ನೀವು ಬರೆದ ನಾಲ್ಕೂ ಗುಣ ಅಲ್ಲಿವೆ. ಬಿಡಬೇಕು ಅನ್ನುವ ಬೋಟಿನವರಿಗೆ ಅದನ್ನು ಹೇಳಿ. 1800-11-2356 ಸಂಖ್ಯೆಗೆ ಪುಕ್ಕಟೆ ಕರೆ ಮಾಡಿದರೆ ಸಲಹೆಯೂ ಸಿಗುತ್ತದೆ. ಹೊಗೆಸೊಪ್ಪಿನ ಪೊಟ್ಟಣದ ಮೇಲೇ ಆ ಸಂಖ್ಯೆ ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ.

ಈಗ ನಿಮ್ಮ ಮಷಿನ್‌ಗೆ ಬರೋಣ. ಅದನ್ನು ಮೂಲೆಗೆ ಹಾಕಬೇಡಿ. ಹೊಗೆಸೊಪ್ಪು ತೆಗೆದು ಬರೀ ಅಡಿಕೆ ಪ್ಯಾಕ್ ಮಾಡಲಾ ಎಂದು ಮುಂದಿನ ಪತ್ರ ಬರೆಯುತ್ತೀರಿ ಎಂದು ಗೊತ್ತು. ನಮ್ಮ ಕಡೆ ಮನೆ ನಡೆಯುವುದೇ ಅಡಿಕೆಯಿಂದ, ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಬಂತು. ಆದರೂ ಹೇಳಬೇಕಾದ್ದು ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಯೇ ಇಟ್ಟಿದೆ. ‘ಶುಚಿ’ ಎಂಬ ಹೆಸರು ಅದಕ್ಕೂ ಒಪ್ಪುವುದಿಲ್ಲ.

ಆ ಹೆಸರು ಒಪ್ಪುವ ಪದಾರ್ಥ ಸುತ್ತಮುತ್ತಲೇ ಇವೆ. ಉಪ್ಪು ಶುಂಠಿ ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು. ಬೆಲ್ಲ ಹಿಡಿಸಿ ಒಣಗಿಸಿದ ಮುರುಗಲ ಸಿಪ್ಪೆ. ಘಟ್ಟದ ಮೇಲಿನ ಏಲಕ್ಕಿ, ಲವಂಗ, ಹುರಿದ ಬಡೆಸೋಪಿನ ಮಿಶ್ರಣ. ಬಾಯಿ ಖಾಲಿ ಇರಬಾರದು ಅನ್ನುವವರಿಗೆ ಆಗುತ್ತದೆ, ಬೀಚಿಗೆ ಬರುವ ಪ್ರವಾಸಿಗಳೂ ಕೊಳ್ಳುತ್ತಾರೆ. ಒಂದು ಎಚ್ಚರ: ಗಮ್ ಅಗಿಯುವವರು ಅದಕ್ಕೆ ಮೊದಲು ಕಾಲು ಗಂಟೆ ಹುಳಿ ತಿನ್ನಬಾರದು. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ, ‘ಗಮ್ಮಿನಿಂದ ಏನೂ ಆಗಲಿಲ್ಲ’ ಎಂದು ಮತ್ತೆ ಹೊಗೆಸೊಪ್ಪಿಗೆ ಹೋಗುತ್ತಾರೆ. ಅವರಿಗೆ ಮುರುಗಲು ಬೇಡ, ಏಲಕ್ಕಿ ಮಿಶ್ರಣ ಕೊಡಿ.

ಹಾಳೆ ಮೂರು ಪದರದ್ದು ತನ್ನಿ: ಹೊರಗೆ ಪಾಲಿಯೆಸ್ಟರ್, ನಡುವೆ ಲೋಹ ಲೇಪಿಸಿದ ಪಾಲಿಯೆಸ್ಟರ್, ಒಳಗೆ ಪಾಲಿಥೀನ್. ಆಹಾರಕ್ಕೆ ಆಗುವಂಥದ್ದೇ ಎಂದು ಕೇಳಿ ಬರೆಸಿಕೊಳ್ಳಿ. 6 ಸೆಂಟಿಮೀಟರ್ ಅಗಲ, 8 ಎತ್ತರ, ಒಳಗೆ ಏಳೆಂಟು ಗ್ರಾಂ. ಸೀಲ್ ಪಟ್ಟಿ 8 ಮಿಲಿಮೀಟರ್ ಇರಲಿ, ಗೆರೆಯಂಥ ಸೀಲ್ ಜೇಬಿನಲ್ಲಿ ಬಿಚ್ಚುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಒಂದರ ಮೂಲೆ ಇನ್ನೊಂದನ್ನು ಚುಚ್ಚುತ್ತದೆ. ಹರಿಯಲು ಕಚ್ಚು ಎರಡೂ ಬದಿ ಬೇಕು. ಮೀನು ಮುಟ್ಟಿದ ಒದ್ದೆ ಕೈಗೆ ನುಣುಪು ಹಾಳೆ ಹಿಡಿತ ಸಿಗದೆ ಹಲ್ಲಿನಲ್ಲಿ ಕಚ್ಚುತ್ತಾರೆ, ಆಗ ನಿಮ್ಮ ಶುಚಿಯ ಕಥೆ ಮುಗಿಯಿತು. ಹೊಳಪಿಲ್ಲದ ಮೇಲ್ಮೈ ಸಿಕ್ಕರೆ ಅದನ್ನೇ ಆರಿಸಿ.

ಹೊರಪೆಟ್ಟಿಗೆಗೆ ಸ್ನೂಸ್ ಡಬ್ಬಿಯ ಉಪಾಯ ಕದಿಯಿರಿ. ಖಾಲಿ ಪೊಟ್ಟಣ ತುರುಕಲು ಹಿಂಬದಿ ಒಂದು ಸಂದು ಬಿಡಿ. ಸಮುದ್ರಕ್ಕೆ ಎಸೆದದ್ದು ಮತ್ತೆ ಅವರ ಬಲೆಗೇ ಬರುತ್ತದೆ. ನಿಜ ಹೇಳಬೇಕೆಂದರೆ ಬೋಟಿಗೆ ಪೊಟ್ಟಣಕ್ಕಿಂತ ತಿರುಪು ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ವಾಸಿ. ಅದನ್ನು ಒಮ್ಮೆ ಮಾರಿ, ಖಾಲಿಯಾದಾಗ ತುಂಬಿಸಿ ಕೊಡಿ. ಪೊಟ್ಟಣ ಪ್ರವಾಸಿಗಳಿಗೆ ಇರಲಿ.

ಮಾರುವ ಮೊದಲು ಎರಡು ಪರೀಕ್ಷೆ. ಒಂದು, ಖಾಲಿ ಪೊಟ್ಟಣಕ್ಕೆ ಶಾಯಿ ಮತ್ತು ಒಂದು ಹನಿ ಸೋಪು ಬೆರೆಸಿದ ನೀರು ಹಾಕಿ ಸೀಲ್ ಮಾಡಿ, ನಾಲ್ಕೂ ಅಂಚನ್ನು ಸರದಿಯಂತೆ ಕೆಳಗೆ ಮಾಡಿ ಹಳೆಯ ಪೇಪರಿನ ಮೇಲೆ ನಿಲ್ಲಿಸಿ. ಸೋರಿದರೆ ಕಲೆ ಎಲ್ಲಿ ಎಂದು ನೋಡಿ. ಹೆಚ್ಚಾಗಿ ಪುಡಿಯೋ ಉಪ್ಪಿನ ಕಣವೋ ಸೀಲಿನ ಬಾಯಿಗೆ ಸಿಕ್ಕಿರುತ್ತದೆ. ತುಂಬಿಸುವಾಗ ಉದ್ದ ಕತ್ತಿನ ಆಲಿಕೆ ಬಳಸಿದರೆ ಅರ್ಧ ತೊಂದರೆ ಹೋಯಿತು.

ಎರಡನೆಯದು ಉಪ್ಪಿನ ಪರೀಕ್ಷೆ. ಅಗಲ ಬಾಯಿಯ ಭರಣಿಗೆ ನಾಲ್ಕು ಮುಷ್ಟಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನೀರು ಚಿಮುಕಿಸಿ. ಮೇಲೆ ಬಟ್ಟಲು ಕವುಚಿ ಅದರ ಮೇಲೆ ತೂಕ ಮಾಡಿದ ಪೊಟ್ಟಣ ಇಡಿ. ಮುಚ್ಚಳ ಬಿಗಿ ಮಾಡಿ. ಒಳಗಿನ ಗಾಳಿ ನೂರಕ್ಕೆ 75 ತೇವದಲ್ಲೇ ನಿಲ್ಲುತ್ತದೆ, ಬೇಸಿಗೆಯಲ್ಲೂ ಮಳೆಗಾಲ ಮಾಡಿಕೊಂಡ ಹಾಗೆ. ಪಕ್ಕದಲ್ಲಿ ಪ್ಯಾಕ್ ಮಾಡದ ಒಂದಿಷ್ಟು ಚೂರನ್ನೂ ಇಡಿ, ಹೋಲಿಸಲು. ವಾರಕ್ಕೊಮ್ಮೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತಿಂಗಳಾದರೂ ತೂಕ ಅಲ್ಲಾಡದಿದ್ದರೆ ಹಾಳೆಯೂ ಸೀಲೂ ಸರಿ. ಮೊದಲ ವಾರದಲ್ಲೇ ಏರಿದರೆ ಸೀಲ್ ತಪ್ಪಿದೆ. ನಿಧಾನಕ್ಕೆ, ಎಲ್ಲವೂ ಸಮವಾಗಿ ಏರಿದರೆ ಹಾಳೆ ಸಾಲದು.

ಪದಾರ್ಥ ಒಣಗಿಸಿ ಆರಿದ ಕೂಡಲೇ ಬಿಗಿ ಡಬ್ಬಕ್ಕೆ ಹಾಕಿ, ಅಲ್ಲಿಂದ ಸೀದಾ ಪೊಟ್ಟಣಕ್ಕೆ. ಮಳೆಗಾಲದಲ್ಲಿ ತಟ್ಟೆಯಲ್ಲಿ ಹರಡಿಟ್ಟು ಊಟಕ್ಕೆ ಹೋಗಿ ಬಂದರೆ ತೇವ ಒಳಗೇ ಸೀಲ್ ಆಗುತ್ತದೆ. ಇಷ್ಟು ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು.

ಇನ್ನು ಮಷಿನ್‌ನ ಗುಂಡಿ. ಎಷ್ಟಕ್ಕೆ ಇಡಬೇಕು ಎಂದು ನಾನು ಇಲ್ಲಿಂದ ಹೇಳಲಾರೆ, ಅದು ನಿಮ್ಮ ಹಾಳೆಯ ದಪ್ಪದ ಮೇಲೆ. ಕಡಿಮೆಯಿಂದ ಶುರು ಮಾಡಿ ಒಂದೊಂದೇ ಏರಿಸಿ. ಎಳೆದಾಗ ಸೀಲ್ ಬಿಚ್ಚದೆ ಹಾಳೆಯೇ ಹಿಗ್ಗಿ ಹರಿದರೆ ಅದು ಸರಿಯಾದ ಜಾಗ. ಅಂಚು ಸುಕ್ಕಾದರೆ ಜಾಸ್ತಿಯಾಯಿತು. ಮಷಿನ್‌ನ ದೀಪ ಆರಿದ ಮೇಲೂ ಎರಡು ಕ್ಷಣ ಒತ್ತಿ ಹಿಡಿದಿರಿ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ ನಿನ್ನೆ ಸರಿಯಿದ್ದ ಅಂಕಿ ಇವತ್ತು ಸಾಲುವುದಿಲ್ಲ. ಬಲ್ಬು ಮಂಕಾಗಿ ಕಂಡ ದಿನ ಮೊದಲ ನಾಲ್ಕು ಪೊಟ್ಟಣ ಹರಿದು ನೋಡಿಯೇ ಮುಂದುವರಿಯಿರಿ.